ಸೂಟಿಗೆ ಗೊರೇಬಾಳ: ಕೂಸು ಕಟ್ಟಿಕೊಂಡು ಊರಿಗೆ ಹೊರಡುವ ಮುನ್ನ

ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್, ಪುಣೆ ಎಲ್ಲಿ ನೆಲೆಸಿದ್ದರೂ ರಾಯಚೂರು ಕಡೆಯವರಿಗೆ ಸೂಟಿ ಎಂದರೆ ಊರು. ಮದುವೆಯಾದ ಹೊಸದರಲ್ಲಿ ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ರಾತ್ರಿ ಬಸ್ ಹತ್ತಿದರೆ ಬೆಳಗಿನ ಚಹಾಕ್ಕೆ ಸಿಂಧನೂರು. ಎಂಟು ತಿಂಗಳ ಕೂಸು, ಎರಡೂವರೆ ವರ್ಷದ ಅದರ ಅಕ್ಕ ಜತೆಗಿದ್ದರೆ ಲೆಕ್ಕ ಬೇರೆ. ಗೊರೇಬಾಳದಂಥ ಊರಿನಲ್ಲಿ ಕೂಸನ್ನು ಎತ್ತಿಕೊಳ್ಳುವ ಕೈಗಳಿಗೆ ಬರವಿಲ್ಲ. ನಗರದ ಮೂರನೇ ಮಹಡಿಯಲ್ಲಿ ಒಬ್ಬಂಟಿಯಾಗಿ ಮಗು ಸಾಕಿದ ತಾಯಿಗೆ ಇದಕ್ಕಿಂತ ದೊಡ್ಡ ವಿಶ್ರಾಂತಿ ಇಲ್ಲ. ಆದರೆ ಇದು ಬಿಸಿಲುನಾಡು, ಜೊತೆಗೆ ನೀರಾವರಿ ನಾಡು. ಬಿಸಿಲು, ಕುಡಿಯುವ ನೀರು, ಸೊಳ್ಳೆ, ಕಾಲುವೆ ಈ ನಾಲ್ಕರ ಬಗ್ಗೆ ಮೊದಲೇ ಯೋಚಿಸಿ ಹೊರಟರೆ ಸೂಟಿ ಸೂಟಿಯಾಗಿಯೇ ಉಳಿಯುತ್ತದೆ.

ಯಾವಾಗ ಹೋಗುವುದು?

ಊರಿಗೆ ಹೋಗುವುದೆಂದರೆ ಏಪ್ರಿಲ್-ಮೇ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಶಾಲೆಯ ಲೆಕ್ಕ. ಇನ್ನೂ ಶಾಲೆ ಮೆಟ್ಟಿಲು ಹತ್ತದ ಮಕ್ಕಳಿಗೆ ಬೇಸಿಗೆ ಸೂಟಿಯ ಹಂಗಿಲ್ಲ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಕೂಸಿನ ಮೈಗೆ ಬೆವರಿ ತಣ್ಣಗಾಗುವ ಶಕ್ತಿ ದೊಡ್ಡವರಷ್ಟು ಇರುವುದಿಲ್ಲ, ಬಾಯಾರಿತು ಎಂದು ಹೇಳಲೂ ಅದಕ್ಕೆ ಬರುವುದಿಲ್ಲ.

ಡಿಸೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದವರೆಗಿನ ದಿನಗಳು ಎಲ್ಲಕ್ಕಿಂತ ಮೇಲು. ಹಗಲು 30 ಡಿಗ್ರಿಯ ಆಸುಪಾಸು, ಬೆಳಗಿನ ಜಾವ ಒಂದು ಸ್ವೆಟರ್ ಬೇಕಾಗುವಷ್ಟು ಚಳಿ. ಎಳ್ಳ ಅಮಾಸಿ, ಸಂಕ್ರಾಂತಿ ಎರಡೂ ಈ ಹೊತ್ತಿನಲ್ಲೇ ಬರುತ್ತವೆ. ಎಳ್ಳ ಅಮಾಸಿಯ ದಿನ ಮನೆಮಂದಿಯೆಲ್ಲ ಸಜ್ಜಿ ರೊಟ್ಟಿ, ಕಡುಬು, ಪುಂಡಿಪಲ್ಲೆ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತಾರೆ. ಮಕ್ಕಳಿಗೆ ಊರು ಪರಿಚಯಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು. ದಸರಾ ಹೊತ್ತಿಗೆ ಹೋಗುವುದಾದರೆ ಗದ್ದೆಗಳಲ್ಲಿ ನೀರು ನಿಂತಿರುತ್ತದೆ, ಸೊಳ್ಳೆ ಹೆಚ್ಚು ಎಂಬುದು ನೆನಪಿರಲಿ.

ಬಸವ ಜಯಂತಿ, ಅಕ್ಷಯ ತದಿಗೆಯ ಸುತ್ತಮುತ್ತ ಮನೆಯಲ್ಲಿ ಮದುವೆ ಇದ್ದು ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಮಕ್ಕಳನ್ನು ಹೊರಗೆ ತರಬೇಡಿ. ತಗಡಿನ ಶೆಡ್, ಹೊಸ ಸ್ಲ್ಯಾಬಿನ ಕೋಣೆಗಿಂತ ಮಣ್ಣಿನ ಮಾಳಿಗೆಯ ಹಳೆಯ ಪಡಸಾಲೆ ಎಷ್ಟೋ ತಂಪು. ಮಧ್ಯಾಹ್ನದ ನಿದ್ದೆಗೆ ಅಲ್ಲಿಯೇ ಜಾಗ ಮಾಡಿಕೊಳ್ಳಿ. ಕರೆಂಟು ಕೈಕೊಟ್ಟಾಗ ಇರಲಿ ಎಂದು ಚಾರ್ಜ್ ಮಾಡುವ ಸಣ್ಣ ಫ್ಯಾನು ಒಯ್ಯಿರಿ. ಎದೆಹಾಲು ಕುಡಿಯುವ ಕೂಸಿಗೆ ಮಾಮೂಲಿಗಿಂತ ಹೆಚ್ಚು ಸಲ ಕುಡಿಸಿ. ತಾಯಿಯೂ ನೀರು, ಮಜ್ಜಿಗೆ ಹೆಚ್ಚು ಕುಡಿಯಲಿ.

ದಾರಿ

ಮೊದಲು ಒಂದು ಸಣ್ಣ ಸಂಗತಿ. ಗೊರೇಬಾಳ ಹೆಸರಿನ ಊರು ಸಿಂಧನೂರು ಕಡೆಗೂ ಇದೆ, ಲಿಂಗಸುಗೂರು ಕಡೆಗೂ ಇದೆ. ಗೆಳೆಯರ ಮನೆಗೋ, ಬೀಗರ ಮನೆಗೋ ಮೊದಲ ಸಲ ಹೋಗುವವರು ಯಾವ ತಾಲ್ಲೂಕಿನದು ಎಂದು ಕೇಳಿಕೊಂಡೇ ಬಸ್ ಹತ್ತಬೇಕು. ಅಳುವ ಕೂಸನ್ನು ಎತ್ತಿಕೊಂಡು ತಪ್ಪು ಸ್ಟ್ಯಾಂಡಿನಲ್ಲಿ ಇಳಿಯುವುದು ಯಾರಿಗೂ ಬೇಡ.

ಬೆಂಗಳೂರಿನಿಂದ ಸಿಂಧನೂರಿಗೆ ಸುಮಾರು 400 ಕಿ.ಮೀ. 2024ರ ಮಾರ್ಚ್‌ನಲ್ಲಿ ಕಾರಟಗಿಯಿಂದ ಮುಂದೆ ಸಿಂಧನೂರಿಗೂ ರೈಲು ಬಂದಿದೆ. ಚಿಕ್ಕ ಮಕ್ಕಳಿರುವವರಿಗೆ ಬಸ್ಸಿಗಿಂತ ರೈಲು ಹಿತ: ಮಗು ಕಾಲಾಡಿಸಬಹುದು, ಬಟ್ಟೆ ಬದಲಿಸಬಹುದು, ಕೆಳಗಿನ ಬರ್ತಿನಲ್ಲಿ ಪಕ್ಕದಲ್ಲೇ ಮಲಗಿಸಿಕೊಂಡು ಹಾಲು ಕುಡಿಸಬಹುದು. 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತು ಕೇಳದಿದ್ದರೆ ರೈಲಿನಲ್ಲಿ ಟಿಕೆಟ್ ಇಲ್ಲ. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಮುಂಬೈ, ಚೆನ್ನೈ ಕಡೆಯಿಂದ ಬರುವವರು ರಾಯಚೂರಿನಲ್ಲಿ ಇಳಿದು ರಸ್ತೆ ಹಿಡಿಯಬೇಕು.

ಸರ್ಕಾರಿ ಬಸ್ಸಿನಲ್ಲಿ 6 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ ಉಚಿತ, ಸ್ಲೀಪರ್ ಮತ್ತು ಎ.ಸಿ. ಬಸ್‌ಗಳಿಗೆ ಅದು ಅನ್ವಯಿಸದು. ದುಡ್ಡು ಉಳಿಯುತ್ತದೆಂದು ಕೂಸು ಕಟ್ಟಿಕೊಂಡು ರಾತ್ರಿಯೆಲ್ಲ ಕೂತು ಬರುವುದಕ್ಕಿಂತ ದೂರದ ದಾರಿಗೆ ಸ್ಲೀಪರ್ ಹಿಡಿದು, ಸಿಂಧನೂರು-ಮಸ್ಕಿ-ಲಿಂಗಸುಗೂರು ಓಡಾಟಕ್ಕೆ ಸಾಮಾನ್ಯ ಬಸ್ ಹತ್ತುವುದು ಲೇಸು. ಸ್ವಂತ ಕಾರಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಕ್ಕಳನ್ನು ಸೀಟಿನಿಂದ ಎತ್ತಿ ಓಡಾಡಿಸಿ. ನಿಲ್ಲಿಸಿದ ಕಾರಿನೊಳಗೆ ಮಲಗಿದ ಮಗುವನ್ನು ಐದು ನಿಮಿಷಕ್ಕೂ ಬಿಡಬೇಡಿ.

ಊರು ಸೇರಿದ ಮೇಲೆ ಓಡಾಟವೆಲ್ಲ ಬೈಕಿನಲ್ಲೇ. ಕಾಕಾ ಒಂದು ರೌಂಡ್ ಕರೆದೊಯ್ಯುತ್ತೇನೆಂದು ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುವುದು ಪ್ರತಿ ಮನೆಯ ದೃಶ್ಯ. 2023ರ ಫೆಬ್ರುವರಿಯಿಂದ ಜಾರಿಗೆ ಬಂದ ಕೇಂದ್ರ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದ ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಕಟ್ಟಿ, ಹೆಲ್ಮೆಟ್ ಹಾಕಿ, ಗಂಟೆಗೆ 40 ಕಿ.ಮೀ. ಮೀರದಂತೆ ಓಡಿಸಬೇಕು. ಅವೆರಡೂ ಇಲ್ಲವೆಂದರೆ ಆಟೊ ಕರೆಸಿ.

ಹೊರಡುವ ಒಂದು ತಿಂಗಳ ಮೊದಲು

ಮಿದುಳು ಜ್ವರದ ಲಸಿಕೆಯ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳಿ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ಕಾಯಿಲೆ ಹರಡುವ ಸೊಳ್ಳೆ ಭತ್ತದ ಗದ್ದೆಯ ನಿಂತ ನೀರಿನಲ್ಲಿ ಹುಟ್ಟಿ, ಹಂದಿ ಮತ್ತು ಬೆಳ್ಳಕ್ಕಿಗಳಿಂದ ವೈರಸ್ ಹೊತ್ತು, ಮುಸ್ಸಂಜೆಯ ನಂತರ ಕಚ್ಚುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಈ ಕಾಯಿಲೆ ಕಂಡುಬರುವ ಜಿಲ್ಲೆಗಳಾದ್ದರಿಂದ ಇಲ್ಲಿನ ಮಕ್ಕಳಿಗೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಡೋಸ್ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ. ಬೇರೆ ಊರುಗಳಲ್ಲಿ ಹುಟ್ಟಿ ಬೆಳೆದ ಮಕ್ಕಳ ಪಟ್ಟಿಯಲ್ಲಿ ಈ ಲಸಿಕೆ ಇಲ್ಲದಿರಬಹುದು. ಲಸಿಕೆ ಕೆಲಸ ಮಾಡಲು ಕೆಲ ವಾರ ಬೇಕು, ಹಿಂದಿನ ದಿನ ಓಡಿ ಉಪಯೋಗವಿಲ್ಲ.

ತಾಯಿ ಕಾರ್ಡು ಅಥವಾ ಲಸಿಕೆ ಪುಸ್ತಕ ಜತೆಗಿರಲಿ, ಅದರ ಫೋಟೊ ಫೋನಿನಲ್ಲೂ ಇರಲಿ. ಜ್ವರದ ಸಿರಪ್ ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ.

ನೀರು: ಕಾಯಿಸಿದರೆ ಸಾಕೆ?

ಇದು ಈ ಭಾಗದ ದೊಡ್ಡ ಪ್ರಶ್ನೆ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 220 ಕಿ.ಮೀ.ಗೂ ಉದ್ದ ಹರಿದು ಬರುತ್ತದೆ. ಅದರ ನೀರನ್ನು ಕೆರೆಗೆ ತುಂಬಿಸಿ ಅನೇಕ ಊರುಗಳಿಗೆ ಬಿಡುತ್ತಾರೆ. ಕಾಲುವೆ ಮುಟ್ಟದ ಕಡೆ ಬೋರ್‌ವೆಲ್ಲೇ ಗತಿ. ಕೆರೆ ನೀರಿನ ತೊಂದರೆ ಕ್ರಿಮಿಗಳದ್ದು. ಬೋರ್ ನೀರಿನ ತೊಂದರೆ ಬೇರೆಯದು. ರಾಯಚೂರು ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತರಿಸಿ, ಆ ನೀರನ್ನು ಮತ್ತೆ ಕುದಿಸಿ ಆರಿಸಿ ಮಕ್ಕಳಿಗೆ ಕೊಡುವುದು ಸರಿಯಾದ ಕ್ರಮ. ಘಟಕ ಕೆಟ್ಟು ನಿಂತಿರುವುದೂ ಉಂಟು, ಹೊರಡುವ ಮೊದಲೇ ಮನೆಯವರಿಗೆ ಫೋನ್ ಮಾಡಿ ಕೇಳಿ.

ಇದು ಅತಿಯಾಯಿತು ಅನ್ನುವವರು 2022ನ್ನು ನೆನಪಿಸಿಕೊಳ್ಳಬಹುದು. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ರಾಯಚೂರು ನಗರದಲ್ಲೇ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಜೀವ ಕಳೆದುಕೊಂಡರು.

ಆರು ತಿಂಗಳೊಳಗಿನ ಕೂಸಿಗೆ ಈ ಗೊಡವೆಯೇ ಇಲ್ಲ. ಎಂಥ ಬೇಸಿಗೆಯಲ್ಲೂ ಅದಕ್ಕೆ ಎದೆಹಾಲು ಸಾಕು, ಮೇಲೆ ಒಂದು ಗುಟುಕು ನೀರೂ ಬೇಡ. ಪುಡಿಹಾಲು ಕುಡಿಯುವ ಕೂಸಿಗೆ ಬಾಟಲಿಗಿಂತ ಬಟ್ಟಲು-ಚಮಚ ಅಥವಾ ಮನೆಯಲ್ಲಿರುವ ಒಳಲೆ ಒಳ್ಳೆಯದು. ಬಾಟಲಿಯ ನಿಪ್ಪಲ್ಲಿನ ಸಂದಿಯಲ್ಲಿ ಉಳಿಯುವ ಹಾಲೇ ಭೇದಿಯ ಮೂಲ. ಒಳಲೆಯನ್ನು ತೊಳೆದು ಕುದಿಯುವ ನೀರಿಗೆ ಹಾಕಿದರೆ ಕೆಲಸ ಮುಗಿಯಿತು.

ಮನೆ ಸೇರಿದ ಮೊದಲ ಗಂಟೆ

ಚೀಲ ಇಳಿಸಿ ಚಹಾ ಕುಡಿದ ಮೇಲೆ ತಂದೆ-ತಾಯಿ ಇಬ್ಬರಲ್ಲಿ ಒಬ್ಬರು ಮಗುವಿನ ಎತ್ತರಕ್ಕೆ ಕೂತು ಮನೆಯನ್ನೊಂದು ಸುತ್ತು ನೋಡಬೇಕು. ಬಚ್ಚಲಿನ ಹೊರಗಿನ ಸಿಮೆಂಟ್ ತೊಟ್ಟಿ ಎರಡೂವರೆ ವರ್ಷದ ಮಗುವಿನ ಎದೆ ಮಟ್ಟಕ್ಕಿರುತ್ತದೆ. ಬಗ್ಗಿ ಚೊಂಬು ಮುಳುಗಿಸಲು ಹೋದರೆ ತಲೆಯ ಭಾರಕ್ಕೆ ಮಗು ಒಳಗೆ ಬೀಳುತ್ತದೆ, ಕೂಗಲೂ ಆಗುವುದಿಲ್ಲ. ತೊಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಅರ್ಧ ತುಂಬಿದ ಬಕೆಟ್ಟೂ ಅಷ್ಟೇ ಅಪಾಯ. ಆಮೇಲೆ ಹಂಡೆಯ ಒಲೆ, ಮಾಳಿಗೆಯ ಮೆಟ್ಟಿಲು, ಕಟ್ಟೆಯಿಲ್ಲದ ಮಾಳಿಗೆ ಅಂಚು, ಮುಚ್ಚದ ಬೆಳಕಿಂಡಿ, ಕೆಳಗೆ ಜೋತುಬಿದ್ದ ಮೋಟಾರ್ ವೈರು, ದನದ ಕೊಟ್ಟಿಗೆ. ಮೂಲೆಯಲ್ಲಿ ಕೀಟನಾಶಕದ ಡಬ್ಬಿ ಇದ್ದರೆ ಅದನ್ನು ಅಂದೇ ಬೀಗದ ಕೋಣೆಗೆ ಸೇರಿಸಿ. ಖಾಲಿ ಡಬ್ಬಿಯಲ್ಲಿ ಸೀಮೆಎಣ್ಣೆ, ಡೀಸೆಲ್ ತುಂಬಿಡುವ ರೂಢಿ ಇದೆ. ಮಕ್ಕಳ ಕೈಗೆ ಅದು ಕುಡಿಯುವ ನೀರಿನ ಬಾಟಲಿಯಂತೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ತುಂಬಿದ ಮನೆಯಲ್ಲಿ ಎಲ್ಲರೂ ನೋಡುವ ಮಗುವನ್ನು ಯಾರೂ ನೋಡುವುದಿಲ್ಲ. ಅವ್ವನ ಹತ್ತಿರ ಇದೆ ಎಂದು ಚಿಗವ್ವ, ಚಿಗವ್ವನ ಹತ್ತಿರ ಇದೆ ಎಂದು ಅವ್ವ. ಅಷ್ಟರಲ್ಲಿ ಮಗು ಓಣಿ ದಾಟಿ ಟ್ರ್ಯಾಕ್ಟರ್ ಹಿಂದೆ ನಿಂತಿರುತ್ತದೆ. ಇದಕ್ಕೆ ಪರಿಹಾರ ಸರಳ: ಬಾಯಿಬಿಟ್ಟು ಹೇಳಿ ಒಪ್ಪಿಸುವುದು. “ಸುಮಾ, ನಾ ಜಳಕಕ್ಕ ಹೊಂಟೀನಿ, ಪಾಪು ನಿನ್ನ ಕಡೆ” ಎಂದು ಹೆಸರು ಹಿಡಿದು ಹೇಳಿ, “ಹೂಂ” ಅನ್ನಿಸಿಕೊಂಡ ಮೇಲೆಯೇ ಎದ್ದು ಹೋಗಿ.

ಹಿರಿಯರ ಕೈ, ಡಾಕ್ಟರ ಮಾತು

ಅಜ್ಜಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ ಎರೆಯುವ ನೀರು ಕೂಸಿಗೂ ಹಿತ, ಅಜ್ಜಿಗೂ ಹಿತ. ಅದನ್ನು ತಪ್ಪಿಸಬೇಡಿ. ನೀರಿನ ಬಿಸಿಯನ್ನು ಮೊದಲು ಮೊಣಕೈಯಲ್ಲಿ ಮುಟ್ಟಿ ನೋಡಿ. ದುಡಿದು ಜಡ್ಡುಗಟ್ಟಿದ ಅಂಗೈಗೆ ಬೆಚ್ಚಗೆನಿಸಿದ ನೀರು ಕೂಸಿನ ಚರ್ಮ ಸುಡಬಲ್ಲದು. ಮೂಗು, ಕಿವಿಗೆ ಎಣ್ಣೆ ಬಿಡುವುದು, ಮುಚ್ಚಿದ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುವುದು, ಕಣ್ಣಿಗೆ ಕಾಡಿಗೆ ಬಳಿಯುವುದು ಬೇಡ. ಬಜೆ ತೇಯ್ದ ಗುಟ್ಟಿ ಬೇಡ. ಒಂದು ವರ್ಷದೊಳಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಬಾಟುಲಿಸಂ ಬೀಜಾಣು ಎಳೆಗೂಸಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಬಲಹೀನ ಮಾಡಬಲ್ಲದು.

ಹೇಳುವ ರೀತಿ ಮುಖ್ಯ. “ನಾವೆಲ್ಲಾ ಹಂಗೇ ಬೆಳದೀವಿ, ಏನಾಗಂಗಿಲ್ಲ ಬಿಡವ್ವ” ಎಂದು ಅತ್ತೆ ಅಂದರೆ ವಾದಕ್ಕೆ ಇಳಿಯಬೇಡಿ. “ಅತ್ತೀ, ಡಾಕ್ಟರು ಈಗ ಬ್ಯಾಡ ಅಂದಾರ್ರೀ, ನೀವು ಎಣ್ಣಿ-ನೀರು ಹಾಕ್ರಿ, ನಿಮ್ಮ ಕೈಗೆ ಬಂದ್ರ ಅಳಂಗೇ ಇಲ್ಲ ನೋಡ್ರಿ” ಎಂದರೆ ಮಾತೂ ಉಳಿಯುತ್ತದೆ, ಮನಸ್ಸೂ ಉಳಿಯುತ್ತದೆ. ಗಂಡನ ಮನೆಯಾದರೆ ಈ ಮಾತನ್ನು ಗಂಡನೇ ಆಡಲಿ. ಅವನ ಅವ್ವನಿಗೆ ಅವನು ಹೇಳುವುದು ಸುಲಭ.

ಬಂದವರೆಲ್ಲ ಕೂಸಿನ ಮುಖಕ್ಕೆ ಮುತ್ತಿಡುವುದನ್ನು ಮಾತ್ರ ನಯವಾಗಿ ತಡೆಯಿರಿ. ಕೈ ತೊಳೆಯಲು ಪಡಸಾಲೆಯ ಬಾಗಿಲಲ್ಲೇ ಒಂದು ಬಕೆಟ್ ನೀರು, ಸೋಪು ಇಟ್ಟರೆ ಯಾರಿಗೂ ಹೇಳುವ ಪ್ರಸಂಗ ಬರದು.

ಊಟ

ಆರು ತಿಂಗಳು ದಾಟಿದ ಮಕ್ಕಳಿಗೆ ಹೊಂದುವ ತಿನಿಸು ಈ ಅಡುಗೆಮನೆಯಲ್ಲೇ ಇದೆ: ಮೆತ್ತಗೆ ಬೇಯಿಸಿದ ಹೆಸರುಬೇಳೆ-ಅನ್ನ, ಜೋಳದ ನುಚ್ಚಿಗೆ ಬೇಳೆಕಟ್ಟು, ಮಸೆದ ಬಾಳೆಹಣ್ಣು. ವರ್ಷ ತುಂಬಿದವರಿಗೆ ಬಿಸಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಸಿ ಕೊಟ್ಟರೆ ಹೊಟ್ಟೆ ತುಂಬ ಊಟ. ಎಮ್ಮೆ ಹಾಲು ಕರೆದ ಬಿಸಿಗೇ ಕುಡಿಸಬೇಕೆನ್ನುವವರು ಇದ್ದಾರೆ. ಉಕ್ಕಿ ಬಂದ ಮೇಲೂ ಸ್ವಲ್ಪ ಕುದಿಸದೆ ಕೊಡಬೇಡಿ. ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ಆಕಳ ಅಥವಾ ಎಮ್ಮೆ ಹಾಲು ಕುಡಿಸುವುದು ಸಲ್ಲ.

ಪಲ್ಲೆಗೆ ಖಾರ ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಡಲು ಹೇಳಿ. ಶೇಂಗಾ, ಪುಟಾಣಿ, ಬಾರೆಹಣ್ಣಿನ ಬೀಜ, ಸೀತಾಫಲದ ಬೀಜ ನಾಲ್ಕೈದು ವರ್ಷದೊಳಗಿನವರ ಉಸಿರು ಕಟ್ಟಿಸಬಲ್ಲವು. ಶೇಂಗಾ ಹಿಂಡಿಯನ್ನು ತುಪ್ಪದಲ್ಲಿ ಕಲಸಿ ಕೊಡಬಹುದು, ಇಡೀ ಕಾಳು ಬೇಡ. ಜಾತ್ರೆಯ ಬಣ್ಣದ ಐಸ್, ಕತ್ತರಿಸಿಟ್ಟ ಹಣ್ಣು ದೂರವಿರಲಿ.

ಹೊಲ ಮತ್ತು ಕಾಲುವೆ

ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಹೊಲದ ಕಡೆ ಹೋಗಿ. ಕರು, ಕುರಿಮರಿ, ಬದುವಿನ ಮೇಲೆ ಸಾಲಾಗಿ ಕೂತ ಬೆಳ್ಳಕ್ಕಿ, ಭತ್ತ ಕೊಯ್ಯುವ ಮಷೀನು ದೂರದಿಂದ. ಚಿಕ್ಕ ಮಗುವಿಗೆ ಅಷ್ಟೇ ಸಾಕಾದ ಲೋಕ. ಅಂದು ಆ ಕಡೆ ಯಾರಾದರೂ ಎಣ್ಣೆ ಹೊಡೆಯುತ್ತಿದ್ದಾರೆಯೇ ಎಂದು ಮೊದಲು ಕೇಳಿ. ಭತ್ತ, ಹತ್ತಿಗೆ ಕೀಟನಾಶಕ ಸಿಂಪಡಿಸಿದ ಹೊಲದ ಹತ್ತಿರ ಮಕ್ಕಳನ್ನು ಆ ದಿನ ಸುಳಿಸಬಾರದು, ಸಿಂಪಡಿಸಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸುವ ಮುನ್ನ ಕೂಸನ್ನು ಎತ್ತಿಕೊಳ್ಳಬಾರದು.

ಕಾಲುವೆ, ಉಪಕಾಲುವೆಗಳ ದಂಡೆ ಜಾರು. ಸಿಮೆಂಟ್ ಲೈನಿಂಗ್ ಇರುವ ಕಡೆ ಬಿದ್ದ ದೊಡ್ಡವರಿಗೇ ಹಿಡಿಯಲು ಏನೂ ಸಿಗದು. ಅಲ್ಲಿ ನಡೆಯುವುದಾದರೆ ಮಗುವಿನ ಮುಂಗೈ ಹಿಡಿದುಕೊಳ್ಳಿ, ಬೆರಳಲ್ಲ. ಸೆಲ್ಫಿ ತೆಗೆಯುವ ಜಾಗ ಅದಲ್ಲ.

ಕತ್ತಲಾಗುವ ಮೊದಲು ಮಕ್ಕಳಿಗೆ ಉದ್ದ ತೋಳಿನ ಬಟ್ಟೆ ತೊಡಿಸಿ ಸೊಳ್ಳೆಪರದೆಯೊಳಗೆ ಮಲಗಿಸಿ. ಕಾಯಿಲ್ ಹೊಗೆಗಿಂತ ಪರದೆಯೇ ಮೇಲು. ಹಾಸಿಗೆ, ಬೂಟು, ಮಡಚಿಟ್ಟ ಬಟ್ಟೆ ಝಾಡಿಸಿ ನೋಡುವ ಅಭ್ಯಾಸ ಇರಲಿ. ಕಟ್ಟಿಗೆ ರಾಶಿ, ಕಲ್ಲಿನ ಸಂದಿ ಚೇಳಿನ ಮನೆ.

ಸುತ್ತಮುತ್ತ ಏನು ನೋಡುವುದು?

ದಿನಕ್ಕೊಂದೇ ಜಾಗ, ಅದೂ ಅರ್ಧ ದಿನ. ಸಿಂಧನೂರಿನಿಂದ 30 ಕಿ.ಮೀ. ಆಸುಪಾಸಿನ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಇದನ್ನು ಪತ್ತೆಹಚ್ಚಿದರು. ‘ದೇವಾನಾಂಪ್ರಿಯ’ ಎಂದು ಬಂಡೆಗಳ ಮೇಲೆ ಕರೆದುಕೊಂಡವನು ಅಶೋಕನೇ ಎಂದು ಇತಿಹಾಸಕಾರರಿಗೆ ಗಟ್ಟಿ ಸಾಕ್ಷ್ಯ ಕೊಟ್ಟ ಶಾಸನ ಇದು. ಬಂಡೆ ಬೇಗ ಕಾಯುವುದರಿಂದ ಬೆಳಗ್ಗೆಯೇ ಹೋಗಿ ಬನ್ನಿ. ತಳ್ಳುಗಾಡಿ ಅಲ್ಲಿ ನಡೆಯದು, ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೋ ಅವ್ವನ ಸೀರೆಯ ಜೋಳಿಗೆಯೋ ಬೇಕು. ಸಿಂಧನೂರು ತಾಲ್ಲೂಕಿನ ಅಂಬಾಮಠಕ್ಕೆ ಬನದ ಹುಣ್ಣಿಮೆಯ ಜಾತ್ರೆ ಬಿಟ್ಟು ಬೇರೆ ದಿನ ಹೋದರೆ ಮಕ್ಕಳಿಗೆ ಓಡಾಡಲು ಜಾಗ ಸಿಗುತ್ತದೆ. ಲಿಂಗಸುಗೂರು ಕಡೆಯ ಮುದಗಲ್ ಕೋಟೆ ದೊಡ್ಡ ಮಕ್ಕಳಿದ್ದವರಿಗೆ ಸರಿ. ಅಲ್ಲಿನ ಮೊಹರಂಗೆ ನಾಡೇ ಸೇರುತ್ತದೆ, ಕೂಸಿದ್ದವರು ಆ ಜನಜಂಗುಳಿಗೆ ಹೋಗದಿರುವುದೇ ಒಳ್ಳೆಯದು.

ಆಸ್ಪತ್ರೆಗೆ ಯಾವಾಗ?

ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ, ಆರು ಗಂಟೆ ಉಚ್ಚೆ ಹೋಗದಿರುವುದು, ಹಾಲು ಬೇಡವೆನ್ನುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಎದೆಗೂಡು ಒಳಗೆ ಸೆಳೆಯುವ ಉಸಿರು, ರಕ್ತ ಬೆರೆತ ಭೇದಿ. ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ಕೊಡಿ, ಎದೆಹಾಲು ನಿಲ್ಲಿಸಬೇಡಿ. ಜಿಂಕ್ ಔಷಧಿಯನ್ನು ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಿ. ಓ.ಆರ್.ಎಸ್. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದು ಬರೆದಿರುತ್ತದೋ ಅಷ್ಟೇ ಬೆರೆಸಬೇಕು.

ಹಾವು, ಚೇಳು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಸಣ್ಣ ಮಕ್ಕಳಿಗೆ ಚೇಳಿನ ವಿಷ ಹೃದಯಕ್ಕೆ ಏರುತ್ತದೆ. ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಅವರನ್ನು ಉಳಿಸಬಹುದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತರಾವ್ ಬಾವಸ್ಕರ್. ಬೇಗ ಮುಟ್ಟಿದರೆ ಮಾತ್ರ ಅದರ ಪ್ರಯೋಜನ. 108ಕ್ಕೆ ಕರೆ ಮಾಡಿ. ಸಿಂಧನೂರು, ಲಿಂಗಸುಗೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ದೊಡ್ಡ ಚಿಕಿತ್ಸೆಗೆ ರಾಯಚೂರಿನ ರಿಮ್ಸ್ ಇದೆ. ಊರಿಗೆ ಬಂದ ದಿನವೇ ಆಶಾ ಕಾರ್ಯಕರ್ತೆಯ ನಂಬರು ಫೋನಿನಲ್ಲಿ ಸೇರಿಸಿಕೊಳ್ಳಿ. ಊರಿನಲ್ಲಿ ಯಾವ ಕಾಯಿಲೆ ಓಡಾಡುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಿರುವುದು ಅವರಿಗೇ.

ಚೀಲದಲ್ಲಿ ಇರಲೇಬೇಕಾದ್ದು

• ಲಸಿಕೆ ಕಾರ್ಡು, ಜ್ವರದ ಸಿರಪ್ (ಪ್ರಮಾಣ ಬರೆದ ಚೀಟಿ ಸಮೇತ), ಥರ್ಮಾಮೀಟರ್
• ಓ.ಆರ್.ಎಸ್. ಪ್ಯಾಕೆಟ್, ಒಂದು ಲೀಟರ್ ಗುರುತಿರುವ ಬಾಟಲಿ
• ಮಡಚುವ ಸೊಳ್ಳೆಪರದೆ, ಟಾರ್ಚು, ಚಾರ್ಜ್ ಫ್ಯಾನು
• ತೆಳು ಹತ್ತಿ ಬಟ್ಟೆ, ಉದ್ದ ತೋಳಿನ ಅಂಗಿ, ಚಳಿಗಾಲದಲ್ಲಿ ಕುಲಾವಿ, ಸ್ವೆಟರ್
• ಥರ್ಮಾಸ್, ಬಟ್ಟಲು-ಚಮಚ, ಸೋಪು
• ಡೈಪರ್ ದಾರಿಗೆ ಮಾತ್ರ. ಊರಿನಲ್ಲಿ ಹಳೆಯ ಸೀರೆಯ ಬಟ್ಟೆಯೇ ಸಾಕು, ಸೆಕೆಗೆ ಮೈ ಒಡೆಯುವುದೂ ಕಡಿಮೆ

ಮೊದಲ ಎರಡು ದಿನ ಮಕ್ಕಳು ಹೊಸ ಮುಖ ಕಂಡು ಅಳುತ್ತವೆ, ನಿದ್ದೆ ಕೆಡುತ್ತದೆ. ಆದ್ದರಿಂದ ಶನಿವಾರ ಹೋಗಿ ಭಾನುವಾರ ಓಡಿಬರುವ ಸೂಟಿ ಕೂಸಿದ್ದವರಿಗೆ ದಣಿವು ಮಾತ್ರ. ಕನಿಷ್ಠ ಒಂದು ವಾರ ರಜೆ ಸಿಕ್ಕಾಗಷ್ಟೇ ಹೊರಡಿ, ಅದೂ ಚಳಿಗಾಲದಲ್ಲಿ.